ಬೆಟ್ಟ ಇಳಿಯಲಾಗದ ಯೋಶಿತ್ಸುನೆ

ರೈಸ್ ಆಫ್ ಕಿಂಗ್‌ಡಮ್ಸ್ ಎಂಬ ಮೊಬೈಲ್ ಆಟದಲ್ಲಿ ಹೊಸ ಕಮಾಂಡರ್ ಒಬ್ಬ ಕೈಸೇರಿದ ಕೂಡಲೇ ಆಡುವವರು ತಮ್ಮತಮ್ಮಲ್ಲೇ ಕೇಳಿಕೊಳ್ಳುವ ಪ್ರಶ್ನೆಯೊಂದಿದೆ. ಇವನನ್ನು ಐದು-ಒಂದು-ಒಂದು-ಒಂದಕ್ಕೆ ನಿಲ್ಲಿಸುವುದೋ, ನಾಲ್ಕೂ ಐದಾಗುವವರೆಗೆ ಒಯ್ಯುವುದೋ? ಈ ನಾಲ್ಕು ಅಂಕಿಗಳು ಆ ಸೇನಾನಿಯ ನಾಲ್ಕು ಸ್ಕಿಲ್‌ಗಳ ಮಟ್ಟವನ್ನು ಹೇಳುತ್ತವೆ. ಆಟದ ಮೊದಲ ತಿಂಗಳುಗಳಲ್ಲಿ ಈ ಪ್ರಶ್ನೆ ಹೆಚ್ಚಾಗಿ ಏಳುವುದು ಜಪಾನಿನ ಒಬ್ಬ ಅಶ್ವನಾಯಕನ ವಿಷಯದಲ್ಲಿ. ಅವನೇ ಮಿನಾಮೊಟೊ ನೊ ಯೋಶಿತ್ಸುನೆ. ಎಂಟುನೂರು ವರ್ಷಗಳ ಹಿಂದೆ ಮೂವತ್ತರ ಹರೆಯದಲ್ಲೇ ಸತ್ತ ಈ ಯೋಧನನ್ನು ಲಕ್ಷಾಂತರ ಯುವಕರು ಈಗ ಅಂಗೈಯಗಲದ ಪರದೆಯ ಮೇಲೆ ಓಡಿಸುತ್ತಾರೆ. ಅವನ ಸಾಮರ್ಥ್ಯದಲ್ಲಿ ಎಷ್ಟನ್ನು ಆಟ ಅಂಕಿಗಳಿಗೆ ಇಳಿಸಿದೆ, ಎಷ್ಟನ್ನು ಹೊರಗೇ ಬಿಟ್ಟಿದೆ ಎಂಬುದನ್ನು ಬಿಡಿಸಿ ನೋಡಿದರೆ ಆಟವೂ ಅರ್ಥವಾಗುತ್ತದೆ, ಇತಿಹಾಸವೂ ಅರ್ಥವಾಗುತ್ತದೆ.

ಚೀನಾದ ಶಾಂಘೈನಲ್ಲಿರುವ ಲಿಲಿತ್ ಗೇಮ್ಸ್ ಈ ಆಟವನ್ನು 2018ರಲ್ಲಿ ಬಿಡುಗಡೆ ಮಾಡಿತು. 2020ರ ಸೆಪ್ಟೆಂಬರ್ 2ರಂದು ಭಾರತದ ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳ ಪಟ್ಟಿಯಲ್ಲಿ ಪಬ್‌ಜಿಯ ಜೊತೆ ಇದರ ಹೆಸರೂ ಇತ್ತು. ಆದರೂ ಇದನ್ನು ತಿಳಿದುಕೊಳ್ಳುವುದು ವ್ಯರ್ಥವಲ್ಲ. ಸೈನ್ಯ ಕಟ್ಟಿ, ಸೇನಾನಿಗಳನ್ನು ಬೆಳೆಸಿ, ನೂರಾರು ಜನರ ಅಲಯನ್ಸ್ ಸೇರಿ ಯುದ್ಧ ಮಾಡುವ ಇಂದಿನ ಬಹುಪಾಲು ಮೊಬೈಲ್ ಆಟಗಳ ಲೆಕ್ಕಾಚಾರ ಹೆಚ್ಚುಕಡಿಮೆ ಇದೇ ಅಚ್ಚಿನದು. ಒಂದನ್ನು ಬಿಡಿಸಿ ನೋಡಿದರೆ ಉಳಿದವುಗಳ ಒಳಗೂ ಕೈಯಾಡಿಸಬಹುದು.

ಸ್ಕಿಲ್‌ನಿಂದಲೇ ಆರಂಭಿಸೋಣ. ಪ್ರತಿ ಕಮಾಂಡರ್‌ಗೂ ನಾಲ್ಕು ಸ್ಕಿಲ್‌ಗಳಿರುತ್ತವೆ. ಮೊದಲನೆಯದು ಆ್ಯಕ್ಟಿವ್, ಅಂದರೆ ಯುದ್ಧದ ನಡುವೆ ಸಿಡಿಯುವಂಥದ್ದು. ಉಳಿದವು ಬಹುಮಟ್ಟಿಗೆ ಪ್ಯಾಸಿವ್. ಸದ್ದಿಲ್ಲದೆ ಹಿನ್ನೆಲೆಯಲ್ಲಿ ಕೆಲಸ ಮಾಡುತ್ತಿರುತ್ತವೆ. ನಾಲ್ಕೂ ಐದನೇ ಮಟ್ಟ ತಲುಪಿದರೆ ‘ಎಕ್ಸ್‌ಪರ್ಟೀಸ್’ ಎಂಬ ಐದನೆಯದು ತೆರೆದುಕೊಳ್ಳುತ್ತದೆ. ಸ್ಕಿಲ್ ಏರಿಸಲು ಆ ಸೇನಾನಿಯ ಸ್ಕಲ್ಪ್ಚರ್‌ಗಳು, ಅಂದರೆ ಪುಟ್ಟ ಪ್ರತಿಮೆಗಳು ಬೇಕು. ಲೆಜೆಂಡರಿ ದರ್ಜೆಯವನನ್ನು ತುದಿ ಮುಟ್ಟಿಸಲು ಬೇಕಾಗುವುದು ಏಳುನೂರರ ಹತ್ತಿರ. ಇನ್ನೊಂದು ತೊಡಕೂ ಇದೆ. ಪ್ರತಿಮೆ ಕೊಟ್ಟಾಗ ಯಾವ ಸ್ಕಿಲ್ ಏರುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ತೆರೆದಿರುವ ಸ್ಕಿಲ್‌ಗಳಲ್ಲಿ ಯಾವುದೋ ಒಂದು ಏರುತ್ತದೆ. ಎರಡನೇ ಸ್ಕಿಲ್ ತೆರೆಯುವುದು ಕಮಾಂಡರ್‌ಗೆ ಎರಡನೇ ನಕ್ಷತ್ರ ಸಿಕ್ಕಾಗ, ಮೂರನೆಯದು ಮೂರನೇ ನಕ್ಷತ್ರಕ್ಕೆ, ನಾಲ್ಕನೆಯದು ನಾಲ್ಕಕ್ಕೆ. ಹಾಗಾಗಿ ತಿಳಿದವರು ಅವನನ್ನು ಒಂದೇ ನಕ್ಷತ್ರದಲ್ಲಿ ತಡೆದು ನಿಲ್ಲಿಸಿ, ಬಂದ ಪ್ರತಿಮೆಗಳನ್ನೆಲ್ಲ ಮೊದಲ ಸ್ಕಿಲ್‌ಗೇ ಸುರಿದು, ಅದು ಐದಾದ ಮೇಲಷ್ಟೇ ಮುಂದಕ್ಕೆ ಬಿಡುತ್ತಾರೆ. ಆತುರಪಟ್ಟು ನಕ್ಷತ್ರ ಏರಿಸಿದವರ ಪ್ರತಿಮೆಗಳು ನಾಲ್ಕೂ ಕಡೆ ಚೆಲ್ಲಿ ಹೋಗುತ್ತವೆ. ಆ ನಷ್ಟವನ್ನು ತುಂಬಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ.

ಯೋಶಿತ್ಸುನೆಯ ಆ್ಯಕ್ಟಿವ್ ಸ್ಕಿಲ್‌ಗೆ ಇಷ್ಟು ಬೆಲೆ ಏಕೆ ಎಂದು ತಿಳಿಯಲು ‘ರೇಜ್’ ಎಂಬುದನ್ನು ತಿಳಿಯಬೇಕು. ಆಟದ ಕಾಳಗ ಸೆಕೆಂಡಿಗೊಂದು ಸುತ್ತಿನಂತೆ ನಡೆಯುತ್ತದೆ. ಪ್ರತಿ ಹೊಡೆತಕ್ಕೂ ಸೇನಾನಿಯ ರೇಜ್ ಒಂದಿಷ್ಟು ಏರುತ್ತದೆ. ಅದು 1000 ಮುಟ್ಟಿದಾಗ ಆ್ಯಕ್ಟಿವ್ ಸ್ಕಿಲ್ ತಾನಾಗಿ ಸಿಡಿದು, ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪೂರ್ಣ ಬೆಳೆದ ಯೋಶಿತ್ಸುನೆಯ ಈ ಹೊಡೆತದ ಡ್ಯಾಮೇಜ್ ಫ್ಯಾಕ್ಟರ್ 1400. ಇದರ ಅರ್ಥ 1400 ಸೈನಿಕರು ಬೀಳುತ್ತಾರೆ ಎಂದಲ್ಲ. ಅದೊಂದು ಗುಣಕ ಮಾತ್ರ. ನಿಮ್ಮ ದಂಡಿನ ಗಾತ್ರ, ಸವಾರರ ದಾಳಿಯ ಬಲ, ಎದುರಾಳಿಯ ರಕ್ಷಣಾ ಬಲ ಇವೆಲ್ಲ ಸೇರಿದ ಮೇಲೆ ನಿಜವಾದ ಪೆಟ್ಟು ನಿರ್ಧಾರವಾಗುತ್ತದೆ. ಆದರೆ ಇಡೀ ಪೆಟ್ಟು ಒಬ್ಬನೇ ಶತ್ರುವಿನ ಮೇಲೆ ಬೀಳುತ್ತದೆ ಎಂಬುದು ಮುಖ್ಯ. ಅಕ್ಕಪಕ್ಕದ ದಂಡುಗಳಿಗೆ ಏನೂ ಆಗದು. ಗುರಿಯಾದವನಿಗೆ ಮಾತ್ರ ಭಾರಿ ಏಟು.

ಇದರ ಮೇಲೆ ಟ್ಯಾಲೆಂಟ್‌ಗಳ ಪದರವಿದೆ. ಪ್ರತಿ ಕಮಾಂಡರ್‌ಗೂ ಮೂರು ಟ್ಯಾಲೆಂಟ್ ಮರಗಳು. ಮಟ್ಟ ಏರಿದಂತೆ ದೊರೆಯುವ ಅಂಕಗಳನ್ನು ಅವುಗಳ ಕೊಂಬೆಗಳಿಗೆ ಹಂಚಬೇಕು. ಯೋಶಿತ್ಸುನೆಗೆ ಇರುವವು ಅಶ್ವದಳದ ಮರ, ಸ್ಕಿಲ್ ಮರ ಮತ್ತು ಬಾರ್ಬೇರಿಯನ್‌ಗಳನ್ನು, ಅಂದರೆ ಆಟವೇ ನಡೆಸುವ ಕಾಡುಗಳ್ಳರನ್ನು, ಹೊಡೆಯಲು ನೆರವಾಗುವ ಪೀಸ್‌ಕೀಪಿಂಗ್ ಮರ. ಒಬ್ಬನೇ ಶತ್ರುವಿಗೆ ಬೀಳುವ ಭಾರಿ ಪೆಟ್ಟು, ಜೊತೆಗೆ ಈ ಮೂರನೇ ಮರ. ಎರಡೂ ಸೇರಿದ್ದರಿಂದ ನಕ್ಷೆಯ ತುಂಬ ಚದುರಿರುವ ಬಾರ್ಬೇರಿಯನ್ ಗುಂಪುಗಳನ್ನು ಬೇಟೆಯಾಡಲು ಅವನಿಗೆ ಸಾಟಿಯಾದವರು ಆರಂಭದಲ್ಲಿ ಸಿಗುವುದು ಕಡಿಮೆ. ಮುಂದೆ ರಾಜ್ಯ-ರಾಜ್ಯಗಳ ನಡುವಿನ ಮಹಾಯುದ್ಧ ಬಂದಾಗ ಐದೈದು ದಂಡುಗಳಿಗೆ ಒಟ್ಟಿಗೆ ಪೆಟ್ಟು ಕೊಡುವ ಹೊಸ ಸೇನಾನಿಗಳು ಬರುತ್ತಾರೆ, ಅವನು ಹಿಂದೆ ಸರಿಯುತ್ತಾನೆ. ತನ್ನ ಕಾಲದ ಜಪಾನಿನ ದೊಡ್ಡ ಅಂತರ್ಯುದ್ಧವನ್ನು ಮುಗಿಸಿದ ಸೇನಾನಿ ಇಲ್ಲಿ ಹೆಚ್ಚಾಗಿ ನೆನಪಾಗುವುದು ಕಾಡುಗಳ್ಳರ ಬೇಟೆಗಾರನಾಗಿ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಅವನು ಮಾಡಿದ್ದೇನು ಎಂದು ನೋಡೋಣ. ಅವನು ಹುಟ್ಟಿದ್ದು 1159ರಲ್ಲಿ. ತಂದೆ ಯೋಶಿತೊಮೊ ಹೇಜಿ ದಂಗೆಯಲ್ಲಿ ತೈರಾ ವಂಶದ ಎದುರು ಸೋತು ಮರುವರ್ಷವೇ ಕೊಲೆಯಾದ. ಮಗುವನ್ನು ಮುಂದೆ ಕ್ಯೋಟೊ ಬಳಿಯ ಕುರಾಮ ಬೆಟ್ಟದ ಮಠಕ್ಕೆ ಸೇರಿಸಲಾಯಿತು. ಅಲ್ಲಿ ತೆಂಗು ಎಂಬ ಬೆಟ್ಟದ ಮಾಯಾವಿಗಳಿಂದ ಕತ್ತಿವರಸೆ ಕಲಿತ ಎಂಬ ಕಥೆ ಜಪಾನಿನ ಮಕ್ಕಳಿಗೆಲ್ಲ ಗೊತ್ತು. ಕುರಾಮದ ಎಂಟು ಸನ್ಯಾಸಿಗಳ ಮೂಲಕ ಹರಡಿತೆಂದು ಹೇಳುವ ಎಂಟು ಕತ್ತಿ ಪಂಥಗಳಿಗೆ ಕ್ಯೋಹಾಚಿರ್ಯು ಎಂಬ ಹೆಸರಿದೆ. ಆಟದಲ್ಲಿ ಅವನ ಆ್ಯಕ್ಟಿವ್ ಸ್ಕಿಲ್‌ನ ಹೆಸರೂ ಅದೇ. ಮಠದಿಂದ ತಪ್ಪಿಸಿಕೊಂಡ ಹುಡುಗ ದೂರದ ಈಶಾನ್ಯದ ಹಿರೈಜುಮಿಗೆ ಹೋಗಿ ಫುಜಿವಾರ ಹಿದೆಹಿರನ ಆಶ್ರಯದಲ್ಲಿ ಬೆಳೆದ. ಆ ಸೀಮೆ ಕುದುರೆ ಸಾಕಣೆಗೆ ಹೆಸರಾದದ್ದು. ನನ್ನನ್ನು ಕೇಳಿದರೆ, ಅವನ ಸ್ಕಿಲ್‌ಗೆ ಕುರಾಮದ ಕತ್ತಿಗಿಂತ ಈಶಾನ್ಯದ ಕುದುರೆಯ ಹೆಸರೇ ಒಪ್ಪುತ್ತಿತ್ತು.

1180ರಲ್ಲಿ ಅಣ್ಣ ಯೊರಿತೊಮೊ ತೈರಾ ವಂಶದ ವಿರುದ್ಧ ದಂಡೆತ್ತಿದಾಗ ಯೋಶಿತ್ಸುನೆ ಬಂದು ಅವನ ಜೊತೆಗೂಡಿದ. 1184ರ ಮಾರ್ಚ್ 20ರಂದು ನಡೆದದ್ದು ಇಚಿನೊತಾನಿಯ ಕದನ. ಜಾಗವನ್ನು ಕಣ್ಣಮುಂದೆ ತಂದುಕೊಳ್ಳಿ: ಇಂದಿನ ಕೋಬೆ ನಗರದ ಕರಾವಳಿ, ಮುಂದೆ ಸಮುದ್ರ, ಬೆನ್ನಿಗೆ ಕಡಿದಾದ ಬೆಟ್ಟ, ನಡುವೆ ಕಿರಿದಾದ ನೆಲದ ಪಟ್ಟಿ. ತೈರಾಗಳು ಆ ಪಟ್ಟಿಯ ಪೂರ್ವ ತುದಿಗೂ ಪಶ್ಚಿಮ ತುದಿಗೂ ಬೇಲಿ ಕಟ್ಟಿ, ಸಮುದ್ರದಲ್ಲಿ ಹಡಗುಗಳನ್ನು ನಿಲ್ಲಿಸಿ, ಬೆಟ್ಟವೇ ನಮ್ಮ ಗೋಡೆ ಎಂದು ನೆಮ್ಮದಿಯಿಂದಿದ್ದರು. ಪೂರ್ವದಿಂದ ಇನ್ನೊಬ್ಬ ಅಣ್ಣ ನೊರಿಯೊರಿ ಬಂದ. ಯೋಶಿತ್ಸುನೆ ಒಳನಾಡಿನ ತಂಬಾ ದಾರಿಯಲ್ಲಿ ಸುತ್ತಿಬಂದು, ಮಿಕುಸದಲ್ಲಿ ರಾತ್ರಿ ದಾಳಿಯಿಂದ ತೈರಾ ಕಾವಲನ್ನು ಚದುರಿಸಿ, ಸೈನ್ಯದ ದೊಡ್ಡ ಭಾಗವನ್ನು ಪಶ್ಚಿಮ ತುದಿಗೆ ಕಳಿಸಿದ. ತಾನು ಎಪ್ಪತ್ತು ಸವಾರರೊಂದಿಗೆ ಬೆಟ್ಟದ ನೆತ್ತಿಗೆ ಹೋದ.

ಇದರ ಮುಂದಿನ ಭಾಗವನ್ನು ಹೇಳುವುದು ‘ಹೇಕೆ ಮೊನೊಗತಾರಿ’ ಎಂಬ ಯುದ್ಧಕಥನ. ಆ ಇಳಿಜಾರಿನಲ್ಲಿ ಜಿಂಕೆಗಳು ಇಳಿಯುತ್ತವೆ ಎಂದು ಸ್ಥಳೀಯನಿಂದ ತಿಳಿದ ಯೋಶಿತ್ಸುನೆ, ಜಿಂಕೆ ಇಳಿಯುವಲ್ಲಿ ಕುದುರೆ ಏಕೆ ಇಳಿಯಬಾರದು ಎಂದು ಯೋಚಿಸಿದ. ಆದರೆ ಕಣ್ಣುಮುಚ್ಚಿ ಧುಮುಕಲಿಲ್ಲ. ಮೊದಲು ಸವಾರರಿಲ್ಲದ ಕುದುರೆಗಳನ್ನು ಕೆಳಕ್ಕೆ ಬಿಟ್ಟ. ಕೆಲವು ಉರುಳಿ ಕಾಲು ಮುರಿದುಕೊಂಡವು, ಕೆಲವು ಕ್ಷೇಮವಾಗಿ ತಳ ಸೇರಿ ನಿಂತವು. ಸವಾರ ಎಚ್ಚರದಿಂದಿದ್ದರೆ ಇಳಿಯಬಹುದು ಎಂದು ತೀರ್ಮಾನಿಸಿ ತಾನೇ ಮುಂದಾಗಿ ಇಳಿದ. ಹಿಂದಿನಿಂದ ಬಂದ ಕೂಗಿಗೆ, ಹೊತ್ತಿದ ಬೆಂಕಿಗೆ ದಿಕ್ಕೆಟ್ಟ ತೈರಾಗಳು ಹಡಗುಗಳತ್ತ ಓಡಿದರು. ಆ ಓಟದಲ್ಲೇ ಕೊಳಲುಗಾರ ಬಾಲಯೋಧ ಅತ್ಸುಮೊರಿ ದಡದಲ್ಲಿ ಸಿಕ್ಕಿ ಸತ್ತದ್ದು.

ಇತಿಹಾಸಕಾರರು ಈ ಕಥೆಯನ್ನು ಹಾಗೇ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅದೇ ಕಾಲದ ಆಸ್ಥಾನಿಕ ಕುಜೊ ಕನೆಜಾನೆಯ ದಿನಚರಿಯ ಪ್ರಕಾರ ಇಚಿನೊತಾನಿಯನ್ನು ಹಿಡಿದವನು ಯೋಶಿತ್ಸುನೆಯೇ, ಆದರೆ ಬೆಟ್ಟದ ಕಡೆಯಿಂದ ಮೊದಲು ನುಗ್ಗಿದವನು ತಾದಾ ಯುಕಿತ್ಸುನ ಎಂಬ ಇನ್ನೊಬ್ಬ. ಇಳಿಜಾರು ಯಾವುದು ಎಂಬುದರಲ್ಲೂ ವಿವಾದವಿದೆ. ಹತಾಕೆಯಾಮ ಶಿಗೆತಾದ ಎಂಬ ವೀರ ತನ್ನ ಕುದುರೆಯನ್ನೇ ಬೆನ್ನ ಮೇಲೆ ಹೊತ್ತು ಇಳಿದ ಎಂಬ ಕಥೆಯೂ ಸೇರಿಕೊಂಡಿತು; ಇನ್ನೊಂದು ದಾಖಲೆಯ ಪ್ರಕಾರ ಅವನು ಆ ದಿನ ನೊರಿಯೊರಿಯ ಜೊತೆ ಪೂರ್ವದ ಕಡೆಗಿದ್ದ. ಕಥೆ ಎಷ್ಟೇ ಬೆಳೆದಿದ್ದರೂ ಅದು ಯೋಶಿತ್ಸುನೆಯಲ್ಲಿ ಗುರುತಿಸಿದ ಗುಣ ಮಾತ್ರ ಸ್ಪಷ್ಟ. ಶತ್ರು ಯಾವ ದಿಕ್ಕನ್ನು ಮರೆತಿದ್ದಾನೆ ಎಂದು ನೋಡುವುದು, ಆ ದಿಕ್ಕು ನಡೆಯುವಂಥದ್ದೇ ಎಂದು ಮೊದಲು ಪರೀಕ್ಷಿಸುವುದು, ಆಮೇಲೆ ತಡಮಾಡದಿರುವುದು.

ಈಗ ಆಟದ ನಕ್ಷೆಗೆ ಬನ್ನಿ. ಅಲ್ಲಿ ಬೆಟ್ಟವೆಂದರೆ ಗೋಡೆ. ಯಾವ ಸೇನೆಯೂ ಅದನ್ನು ಹತ್ತದು, ಇಳಿಯದು. ಒಂದು ಸೀಮೆಯಿಂದ ಇನ್ನೊಂದಕ್ಕೆ ಹೋಗಲು ಕಣಿವೆ ದಾರಿಗಳಲ್ಲಿ ಕಟ್ಟಿದ ಹೆಬ್ಬಾಗಿಲುಗಳನ್ನು ಅಲಯನ್ಸ್ ಗೆದ್ದುಕೊಳ್ಳಬೇಕು. ಇಳಿಜಾರಿನ ಲಾಭವಾಗಲಿ, ಎತ್ತರದ ಲಾಭವಾಗಲಿ ಲೆಕ್ಕಕ್ಕಿಲ್ಲ. ಅಂದಮೇಲೆ 1400ರ ಗುಣಕ ಕೊಟ್ಟರೂ, ಎಪ್ಪತ್ತಕ್ಕೂ ಹೆಚ್ಚು ಟ್ಯಾಲೆಂಟ್ ಅಂಕ ತುಂಬಿದರೂ, ಯೋಶಿತ್ಸುನೆಯನ್ನು ಯೋಶಿತ್ಸುನೆ ಮಾಡಿದ ಆ ಒಂದು ಕೆಲಸವನ್ನು ಈ ಯೋಶಿತ್ಸುನೆ ಮಾಡಲಾರ. ಇದನ್ನು ಆಟದ ದೋಷವೆಂದು ನಾನು ಹೇಳುತ್ತಿಲ್ಲ. ಸಾವಿರಾರು ಜನ ಏಕಕಾಲಕ್ಕೆ ಆಡುವ ನಕ್ಷೆಯಲ್ಲಿ ಹಾದಿಗಳು ಖಚಿತವಾಗಿರಬೇಕು. ಆದರೆ ಸೇನಾನಿಯ ಸಾಮರ್ಥ್ಯವೆಂದು ಪರದೆ ತೋರಿಸುವುದು ಅವನ ಸಾಮರ್ಥ್ಯದ ಎಣಿಸಬಲ್ಲ ಭಾಗವನ್ನಷ್ಟೇ ಎಂಬುದು ಗೊತ್ತಿರಬೇಕು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಈ ಆಟದಲ್ಲಿ ಕಾಲಾಳು ಕುದುರೆಯನ್ನು ಮಣಿಸುತ್ತದೆ, ಕುದುರೆ ಬಿಲ್ಲುಗಾರರನ್ನು, ಬಿಲ್ಲುಗಾರರು ಕಾಲಾಳನ್ನು. ಆಡುವವರಿಗೆ ಮೊದಲ ದಿನವೇ ಬಾಯಿಪಾಠವಾಗುವ ತ್ರಿಕೋನವಿದು. ಆದರೆ ಹನ್ನೆರಡನೇ ಶತಮಾನದ ಜಪಾನಿನಲ್ಲಿ ಕುದುರೆ ಸವಾರ ಮತ್ತು ಬಿಲ್ಲುಗಾರ ಒಬ್ಬನೇ. ಸಮುರಾಯ್‌ಗಳ ಧರ್ಮವನ್ನೇ ಆಗ ಬಿಲ್ಲು-ಕುದುರೆಯ ದಾರಿ ಎನ್ನುತ್ತಿದ್ದರು. ಕತ್ತಿ ಕೈಗೆ ಬರುತ್ತಿದ್ದುದು ಬಾಣ ಮುಗಿದ ಮೇಲೆ. ಕುದುರೆಗಳೂ ಸಿನಿಮಾದಲ್ಲಿ ಕಾಣುವ ಎತ್ತರದವಲ್ಲ. ಕಾಮಕುರದ ಉತ್ಖನನದಲ್ಲಿ ಸಿಕ್ಕ ಮಧ್ಯಯುಗದ ಮೂಳೆಗಳ ಪ್ರಕಾರ ಹೆಗಲಿನವರೆಗೆ ಸರಾಸರಿ 130 ಸೆಂಟಿಮೀಟರ್ ಆಸುಪಾಸು. ಅಂಥ ಗಿಡ್ಡ, ಗಟ್ಟಿ ಕಾಲಿನ ಕುದುರೆ ಇಳಿಜಾರಿನಲ್ಲಿ ಕಾಲೂರಿ ನಿಲ್ಲಬಲ್ಲದು ಎಂಬುದನ್ನೂ ಇಲ್ಲಿ ಗಮನಿಸಬೇಕು. ಆಟದಲ್ಲಾದರೋ ಜಪಾನ್ ನಾಗರಿಕತೆಯ ವಿಶೇಷ ಪಡೆಯಾದ ಸಮುರಾಯ್ ಕಾಲಾಳಿನ ಗುಂಪಿಗೆ ಸೇರಿದ್ದಾನೆ. ಯೋಶಿತ್ಸುನೆಯ ಕೈಕೆಳಗೆ ಸವಾರರಿದ್ದಾರೆ, ಅವರ ಕೈಯಲ್ಲಿ ಬಿಲ್ಲಿಲ್ಲ. ಸಮುರಾಯ್‌ಗಳಿದ್ದಾರೆ, ಅವರಿಗೆ ಕುದುರೆಯಿಲ್ಲ.

ಇದೇ ಮಾತು ಇತರ ಅಶ್ವನಾಯಕರಿಗೂ ಅನ್ವಯಿಸುತ್ತದೆ. ಬೈಜಾಂಟಿಯಂ ನಾಗರಿಕತೆಯನ್ನು ಆರಿಸಿದವರಿಗೆ ಮೊದಲೇ ಸಿಗುವ ಬೆಲಿಸಾರಿಯಸ್ 537ರಲ್ಲಿ ರೋಮ್ ನಗರವನ್ನು ಗಾತ್‌ಗಳಿಂದ ಕಾಪಾಡಿದ್ದು ಕುದುರೆಯ ಮೇಲಿಂದ ಬಾಣ ಬಿಡುವವರನ್ನು ನಂಬಿ. ಗಾತ್ ಸವಾರರ ಬಳಿ ಈಟಿ, ಕತ್ತಿ ಮಾತ್ರ ಇದ್ದವು. ಈ ವ್ಯತ್ಯಾಸವನ್ನು ಜೊತೆಯಲ್ಲಿದ್ದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿಟ್ಟಿದ್ದಾನೆ. ಆಟ ಬೆಲಿಸಾರಿಯಸ್‌ನಿಂದ ಉಳಿಸಿಕೊಂಡದ್ದು ವೇಗವನ್ನು.

ಕೆಲವೆಡೆ ಆಟ ಇತಿಹಾಸವನ್ನು ಚೆನ್ನಾಗಿಯೇ ಓದಿದೆ. ಚೀನಾದ ತ್ಸಾವ್ ತ್ಸಾವ್‌ಗೆ ಅಶ್ವದಳದ ಮರದ ಜೊತೆ ಮೊಬಿಲಿಟಿ ಮರವನ್ನೂ ಕೊಟ್ಟಿದ್ದಾರೆ. ಸರಿಯಾದ ಆಯ್ಕೆ. 207ರಲ್ಲಿ ವುಹುವಾನ್ ಬುಡಕಟ್ಟುಗಳ ಮೇಲೆ ಹೋದಾಗ ಸಲಹೆಗಾರ ಗುವೊ ಜಿಯಾನ ಮಾತು ಕೇಳಿ ಸಾಮಾನು ಸರಂಜಾಮು ಬಿಟ್ಟು ಹಗುರಾಗಿ ನುಗ್ಗಿ ಗೆದ್ದ. ಮರುವರ್ಷ ಎದುರಾಳಿ ಲಿಯು ಬೆಯ್‌ನನ್ನು ಬೆನ್ನಟ್ಟಿ ಐದು ಸಾವಿರ ಆಯ್ದ ಸವಾರರೊಂದಿಗೆ ಒಂದು ಹಗಲು-ರಾತ್ರಿಯಲ್ಲಿ ಚೀನೀ ಅಳತೆಯ 300 ಲಿ ದೂರ ಓಡಿದ ಎಂದು ಚೀನೀ ಚರಿತ್ರೆ ದಾಖಲಿಸಿದೆ. ಆಟ ಅರೇಬಿಯಾ ನಾಗರಿಕತೆಗೆ ಸೇರಿಸಿರುವ ಬೈಬರ್ಸ್‌ನ ಸ್ಕಿಲ್ ಹಲವು ದಂಡುಗಳಿಗೆ ಒಟ್ಟಿಗೆ ಪೆಟ್ಟು ಕೊಟ್ಟು ಅವುಗಳ ನಡೆಯನ್ನೂ ನಿಧಾನಗೊಳಿಸುತ್ತದೆ. 1260ರ ಸೆಪ್ಟೆಂಬರ್ 3ರಂದು ಐನ್ ಜಾಲೂತ್‌ನಲ್ಲಿ ಮುಂಪಡೆಯೊಂದಿಗೆ ಹಿಂದೆಗೆದಂತೆ ನಟಿಸಿ ಮಂಗೋಲರನ್ನು ಬಲೆಗೆ ಎಳೆದ ಸೇನಾನಿಗೆ ಅದು ಒಪ್ಪುತ್ತದೆ.

ನಮ್ಮ ಚಂದ್ರಗುಪ್ತ ಮೌರ್ಯನೂ ಈ ಆಟದ ಅಶ್ವನಾಯಕರಲ್ಲಿ ಒಬ್ಬ. ಜೈನ ಪರಂಪರೆ ಅವನನ್ನು ಭದ್ರಬಾಹುವಿನ ಜೊತೆ ಶ್ರವಣಬೆಳಗೊಳಕ್ಕೆ ಕರೆತರುತ್ತದೆ. ಅವನು ಸಲ್ಲೇಖನದಿಂದ ದೇಹ ಬಿಟ್ಟನೆನ್ನುವ ಚಿಕ್ಕಬೆಟ್ಟಕ್ಕೆ ಚಂದ್ರಗಿರಿ ಎಂದೇ ಹೆಸರು. ಸೆಲ್ಯೂಕಸ್‌ನಿಗೆ 500 ಆನೆ ಕೊಟ್ಟು ಸಂಧಿ ಮಾಡಿಕೊಂಡ ಈ ಅರಸನನ್ನು ಕುದುರೆಗೆ ಕಟ್ಟಿಹಾಕಿದ್ದು ನನಗೆ ಒಪ್ಪಿಗೆಯಿಲ್ಲ. ಮೌರ್ಯರ ಸೈನ್ಯ ಜಗತ್ತಿಗೆ ಗೊತ್ತಾದದ್ದೇ ಆನೆಗಳಿಂದ.

ಒಂದು ದಂಡಿಗೆ ಇಬ್ಬರು ಕಮಾಂಡರ್‌ಗಳನ್ನು ಜೋಡಿಸಬಹುದು ಎಂಬುದು ಆಟದ ಇನ್ನೊಂದು ಸೊಗಸು. ಮುಖ್ಯನ ಟ್ಯಾಲೆಂಟ್‌ಗಳೂ ಸ್ಕಿಲ್‌ಗಳೂ ನಡೆಯುತ್ತವೆ; ಎರಡನೆಯವನ ಸ್ಕಿಲ್‌ಗಳು ಮಾತ್ರ. ಮುಖ್ಯನ ಹೊಡೆತದ ಬೆನ್ನಿಗೇ ಎರಡನೆಯವನದು ಬೀಳುತ್ತದೆ. ತ್ಸಾವ್ ತ್ಸಾವ್-ಯೋಶಿತ್ಸುನೆ ಹಳೆಯ ಆಟಗಾರರಿಗೆ ಚಿರಪರಿಚಿತ ಜೋಡಿ. ಯೋಶಿತ್ಸುನೆಯ ಜೊತೆ ಚೆಂಗೀಸ್ ಖಾನನನ್ನೂ ನಿಲ್ಲಿಸಬಹುದು, ಮತ್ತು ಆ ಜೋಡಿಯ ಹಿಂದೆ ವಿಚಿತ್ರ ಕಥೆಯೊಂದಿದೆ. ಯೋಶಿತ್ಸುನೆ ಸಾಯಲಿಲ್ಲ, ಉತ್ತರಕ್ಕೆ ತಪ್ಪಿಸಿಕೊಂಡು ಸಮುದ್ರ ದಾಟಿ ಮಂಗೋಲಿಯಾದಲ್ಲಿ ಚೆಂಗೀಸ್ ಖಾನನಾದ ಎಂಬ ನಂಬಿಕೆ ಜಪಾನಿನಲ್ಲಿ ಬಹಳ ಕಾಲ ಓಡಾಡಿತು. ಸುಯೆಮತ್ಸು ಕೆಂಚೊ 1879ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಬರೆದ. 1924ರಲ್ಲಿ ಒಯಾಬೆ ಜೆನ್‌ಇಚಿರೊ ಅದನ್ನೇ ಪುಸ್ತಕ ಮಾಡಿದಾಗ ಭಾರಿ ಮಾರಾಟವಾಯಿತು. ವಿದ್ವಾಂಸರು ಆಗಲೇ ಅದನ್ನು ಹುರುಳಿಲ್ಲದ್ದೆಂದು ತಳ್ಳಿಹಾಕಿದ್ದರು. ಆಟದಲ್ಲಿ ಅವರು ಬೇರೆಬೇರೆ ಇಬ್ಬರು. ಒಂದೇ ಬಾವುಟದ ಕೆಳಗೆ ಕುದುರೆ ಓಡಿಸುತ್ತಾರೆ.

ಹಾಗಾದರೆ ಸೇನಾನಿಯ ಸಾಮರ್ಥ್ಯದಲ್ಲಿ ಎಣಿಸಲಾಗದ ಆ ಉಳಿದ ಭಾಗ ಎಲ್ಲಿ ಹೋಯಿತು? ಅದು ಆಡುವವನ ಪಾಲಿಗೆ ಬಂದಿದೆ ಎಂಬುದು ನನ್ನ ಉತ್ತರ. ಯೋಶಿತ್ಸುನೆಯ ಇನ್ನೊಂದು ಕದನವನ್ನು ನೋಡಿ. 1185ರ ವಸಂತದಲ್ಲಿ ತೈರಾಗಳು ಶಿಕೊಕು ದ್ವೀಪದ ಯಾಶಿಮದಲ್ಲಿದ್ದರು. ಬಿರುಗಾಳಿಗೆ ಹೆದರಿ ಎಲ್ಲರೂ ಹಡಗು ಬಿಡಲು ಹಿಂಜರಿದಾಗ ಅವನು ಐದು ಹಡಗು, 150 ಸವಾರರೊಂದಿಗೆ ರಾತ್ರಿಯೇ ಹೊರಟ. ದಿನಗಳ ದಾರಿಯನ್ನು ಗಾಳಿಯೇ ಗಂಟೆಗಳಲ್ಲಿ ದಾಟಿಸಿತು. ಅಲ್ಲಿಂದ ಬೆಟ್ಟದ ಹಾದಿಯಲ್ಲಿ ಕುದುರೆ ಓಡಿಸಿ, ಸಮುದ್ರದ ಕಡೆ ಕಣ್ಣಿಟ್ಟಿದ್ದ ಶತ್ರುವಿನ ಮೇಲೆ ನೆಲದ ಕಡೆಯಿಂದ ಬಿದ್ದ. ಹಾದಿಯ ಮನೆಗಳಿಗೆ ಬೆಂಕಿ ಹಚ್ಚಿಸಿ ದೊಡ್ಡ ಸೈನ್ಯವೇ ಬಂದಿದೆ ಎಂಬ ಭ್ರಮೆ ಹುಟ್ಟಿಸಿದ. ತೈರಾಗಳು ಹಡಗು ಹತ್ತಿದರು. ಏಪ್ರಿಲ್ 25ರ ದಾನ್ನೊಉರ ನೌಕಾಯುದ್ಧದಲ್ಲಿ ಅವರ ಕಥೆ ಮುಗಿಯಿತು.

ಆಟದಲ್ಲಿ ಬಿರುಗಾಳಿಯಿಲ್ಲ, ಕತ್ತಲೆಯ ಮರೆಯಿಲ್ಲ. ಆದರೆ ಎದುರಾಳಿಯ ಗಮನ ಎಲ್ಲಿದೆ ಎಂಬ ಪ್ರಶ್ನೆ ಇದ್ದೇ ಇದೆ. ಅವನ ದಂಡು ಈಗಾಗಲೇ ಯಾರೊಂದಿಗೋ ಕಾದು ಸೊರಗಿದೆಯೇ? ಸಂಪನ್ಮೂಲ ಕೂಡಿಸುತ್ತಿರುವ ಅವನ ನಿಧಾನದ ಪಡೆಗೆ ಕಾವಲಿದೆಯೇ? ಬಿಲ್ಲುಗಾರರನ್ನು ಕಾಲಾಳಿನ ರಕ್ಷಣೆಯಿಲ್ಲದೆ ಮುಂದೆ ಬಿಟ್ಟಿದ್ದಾನೆಯೇ? ಕುದುರೆಗೆ ಆಟ ಕೊಟ್ಟಿರುವ ದೊಡ್ಡ ವರ ವೇಗ. ಆ ವೇಗವನ್ನು ಎದುರಿನ ಗೋಡೆಗೆ ಗುದ್ದಲು ಬಳಸುವವರೇ ಹೆಚ್ಚು. ಬದಿಯಿಂದ ಬಂದು, ಸ್ಕಿಲ್ ಒಮ್ಮೆ ಸಿಡಿಸಿ, ಗಾಯಾಳುಗಳಿಂದ ಆಸ್ಪತ್ರೆ ತುಂಬುವ ಮುನ್ನ ಹಿಂದಿರುಗುವವರು ಕಡಿಮೆ. ಆಸ್ಪತ್ರೆ ತುಂಬಿದ ಮೇಲೆ ಬರುವ ಗಾಯಾಳುಗಳು ಸತ್ತಂತೆಯೇ ಲೆಕ್ಕ. ಸಾಮಾನ್ಯ ಸ್ಕಿಲ್‌ಗಳ ಯೋಶಿತ್ಸುನೆಯನ್ನು ಸರಿಯಾದ ಗಳಿಗೆಯಲ್ಲಿ ಬಿಟ್ಟವನು ತುದಿ ಮುಟ್ಟಿದವನನ್ನು ಕುರುಡಾಗಿ ನುಗ್ಗಿಸಿದವನಿಗಿಂತ ಹೆಚ್ಚು ಪಡೆಯುತ್ತಾನೆ.

ಕಂಪನಿ ಮಾರುವುದು ಮಾತ್ರ ಎಣಿಸಬಲ್ಲ ಭಾಗವನ್ನೇ. ವೀಲ್ ಆಫ್ ಫಾರ್ಚೂನ್ ಚಕ್ರ ತಿರುಗಿಸಿದರೆ ಪ್ರತಿಮೆ, ಮೈಟಿಯೆಸ್ಟ್ ಗವರ್ನರ್ ಸ್ಪರ್ಧೆಯಲ್ಲಿ ಮುಂದಿದ್ದರೆ ಪ್ರತಿಮೆ. ಎರಡರಲ್ಲೂ ನಿಜವಾದ ಹಣ ಸುರಿದವನು ಮುಂದಿರುತ್ತಾನೆ. ಹಣ ಕೊಟ್ಟು ಬೆಳೆಸಿದ ಸೇನಾನಿ ಕೆಲವು ತಿಂಗಳಲ್ಲಿ ಹಳಬನಾಗುತ್ತಾನೆ, ಹೊಸಬನೊಬ್ಬ ಬರುತ್ತಾನೆ, ಚಕ್ರ ಮತ್ತೆ ತಿರುಗುತ್ತದೆ. ಹದಿಹರೆಯದ ಮಕ್ಕಳು ಇಂಥ ಆಟಗಳಲ್ಲಿರುವ ಮನೆಗಳಲ್ಲಿ ಹಿರಿಯರು ಈ ಏರ್ಪಾಡನ್ನು ಅರಿತಿರಬೇಕೆಂದು ಕಳಕಳಿಯಿಂದ ಹೇಳುತ್ತೇನೆ.

ಇತಿಹಾಸದ ಯೋಶಿತ್ಸುನೆಗೆ ಗೆಲುವು ಒಳ್ಳೆಯದನ್ನು ತರಲಿಲ್ಲ. ತಮ್ಮನ ಕೀರ್ತಿಯನ್ನು ಶಂಕಿಸಿದ ಯೊರಿತೊಮೊ 1185ರಲ್ಲಿ ಅವನನ್ನು ಕಾಮಕುರದ ಹೊರಗೆ ಕೊಶಿಗೋಯೆಯಲ್ಲೇ ತಡೆದ. ಊರೊಳಗೆ ಕಾಲಿಡಲು ಬಿಡಲಿಲ್ಲ. ಆಟ ಅವನಿಗೆ ಕೊಟ್ಟಿರುವ ಬಿರುದಿನಲ್ಲಿ ಮಾತ್ರ ಅವನು ಕಾಮಕುರದ ಸೇನಾಧಿಪತಿ. ತಲೆಮರೆಸಿಕೊಂಡು ಹಿರೈಜುಮಿಗೆ ಮರಳಿದವನನ್ನು 1189ರಲ್ಲಿ ಹಿದೆಹಿರನ ಮಗ ಯಾಸುಹಿರನೇ ಸುತ್ತುವರಿದ. ಯೋಶಿತ್ಸುನೆ ಅಲ್ಲೇ ಪ್ರಾಣ ಬಿಟ್ಟ. ಅದೇ ವರ್ಷ ಯೊರಿತೊಮೊ ಯಾಸುಹಿರನನ್ನೂ ಮುಗಿಸಿದ.

ಹೊರದೇಶಗಳಲ್ಲಿದ್ದು ಈ ಆಟ ಆಡುತ್ತಿರುವ ಕನ್ನಡದ ಗೆಳೆಯರಿಗೆ ಇಷ್ಟು ಹೇಳಬೇಕು. ಯೋಶಿತ್ಸುನೆ ಕೈಗೆ ಬಂದರೆ ನಕ್ಷತ್ರ ಏರಿಸುವ ಮುನ್ನ ಮೊದಲ ಸ್ಕಿಲ್ ತುಂಬಿಸಿ. ಕಾಲಾಳಿನ ದಂಡಿನ ಮೇಲೆ ಅವನನ್ನು ನುಗ್ಗಿಸಬೇಡಿ. ಗುಪ್ತಚರನನ್ನು ಕಳಿಸಿ ಎದುರಿಗಿರುವವರು ಯಾರೆಂದು ತಿಳಿಯದೆ ಹೊರಡಲೇಬೇಡಿ. ಇದ್ಯಾವುದಕ್ಕೂ ದುಡ್ಡು ಬೇಕಿಲ್ಲ.